‘ಒಂದೇ ಮ್ಯುಟೇಶನ್ ದೂರ’ ಅಂದ್ರೆ ಎಷ್ಟು ದೂರ? ಮರ್ಸ್ ಬಳಗದ ಬಾವಲಿ ವೈರಸ್‌ಗಳ ಬಗ್ಗೆ

2022ರ ಜನವರಿ ಕೊನೆ ನೆನಪಿದ್ಯಾ? ಓಮಿಕ್ರಾನ್ ಅಲೆ ಇನ್ನೂ ಪೂರ್ತಿ ಇಳಿದಿರ್ಲಿಲ್ಲ, ಅಷ್ಟರಲ್ಲಿ ಎಲ್ಲರ ಫೋನಿಗೂ ಒಂದು ಮೆಸೇಜ್ ಬರೋಕೆ ಶುರುವಾಯ್ತು, ನಿಯೋಕೋವ್ ಅಂತ ಹೊಸ ವೈರಸ್ ಬಂದಿದೆ, ತಗುಲಿದ 3 ಜನರಲ್ಲಿ 1 ಸಾಯ್ತಾರೆ ಅಂತ. ನಮ್ಮ ಮನೆಯವರ ಗ್ರೂಪಲ್ಲೇ ಒಂದೇ ದಿನ ನಾಲ್ಕೈದು ಸಲ ಬಂತು. ಕೋವಿಡ್‌ನಲ್ಲಿ ಮನೆಯವರನ್ನ ಕಳ್ಕೊಂಡವರು ಅದನ್ನ ಓದಿ ಆ ರಾತ್ರಿ ಹೇಗೆ ಕಳೆದ್ರೋ. ಆಮೇಲೆ ನೋಡಿದ್ರೆ ಆ ವೈರಸ್ ಒಬ್ಬ ಮನುಷ್ಯನಿಗೂ ಬಂದೇ ಇರ್ಲಿಲ್ಲ, ಅದು ಹೊಸದೂ ಅಲ್ಲ, ದಕ್ಷಿಣ ಆಫ್ರಿಕಾದ ಒಂದು ಪುಟ್ಟ ಬಾವಲಿಯಲ್ಲಿ ಎಷ್ಟೋ ವರ್ಷದ ಹಿಂದೆನೇ ಸಿಕ್ಕಿತ್ತು, ಆ ‘3ರಲ್ಲಿ 1’ ಅನ್ನೋ ಲೆಕ್ಕ ಅದರ ಸಂಬಂಧಿ, ಒಂಟೆಯಿಂದ ಮನುಷ್ಯರಿಗೆ ಬರೋ ಮರ್ಸ್ ಅನ್ನೋ ಶ್ವಾಸಕೋಶದ ಕಾಯಿಲೆಯದು, ಯಾರೋ ಅದನ್ನ ತಂದು ಇದಕ್ಕೆ ಅಂಟಿಸಿದ್ರು ಅಷ್ಟೇ.

ಮೂರು ವರ್ಷ ಆದ್ಮೇಲೆ ಅದೇ ಕತೆ ಮತ್ತೆ. 2025ರ ಫೆಬ್ರವರಿಯಲ್ಲಿ ಚೀನಾದ ವೈರಾಲಜಿಸ್ಟ್ ಶಿ ಝೆಂಗ್ಲಿ ಅವರ ತಂಡ ‘ಸೆಲ್’ ಜರ್ನಲ್‌ನಲ್ಲಿ ಒಂದು ಪೇಪರ್ ಹಾಕಿತು, ಎಚ್‌ಕೆಯು-5 ಅನ್ನೋ ಬಾವಲಿ ವೈರಸ್‌ನ ಒಂದು ತಳಿ ಮನುಷ್ಯನ ಜೀವಕೋಶದೊಳಗೆ ಹೋಗಬಲ್ಲದು ಅಂತ, ಅವತ್ತು ವ್ಯಾಕ್ಸೀನ್ ಕಂಪನಿಗಳ ಷೇರು ಕೂಡ ಏರಿತು. ಅದೇ ಜೂನ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಮೈಕೆಲ್ ಲೆಟ್ಕೊ ಮತ್ತು ಜೊತೆಗಾರರ ಪೇಪರ್ ಬಂತು, ಈ ಗುಂಪಿನ ವೈರಸ್‌ಗಳಿಗೆ ಮನುಷ್ಯರಿಗೆ ಹಾರೋಕೆ ಸಣ್ಣದೊಂದು ಮ್ಯುಟೇಶನ್, ಅಂದ್ರೆ ಜೀನ್‌ನಲ್ಲಿ ಆಗೋ ಬದಲಾವಣೆ, ಸಾಕಾಗಬಹುದು ಅನ್ನೋ ಹೆಡ್‌ಲೈನ್ ಊರೆಲ್ಲಾ ಸುತ್ತಿತು. ಕೆಳಗೆ ಕಾಮೆಂಟ್ ಹಾಕೋರು ಎರಡೇ ಗುಂಪು. ಮತ್ತೆ ಲಾಕ್‌ಡೌನ್ ಗ್ಯಾರಂಟಿ ಅನ್ನೋರು, ಇದೆಲ್ಲಾ ದುಡ್ಡು ಮಾಡೋ ನಾಟಕ ಅನ್ನೋರು. ಎರಡೂ ಕಡೆಯವರು ಪೇಪರ್ ಓದಿಲ್ಲ. ಓದಿದ್ರೆ ಇನ್ನೂ ಬೇರೆಯದೇ ಒಂದು ಚಿಂತೆ ಹುಟ್ತಿತ್ತು, ನನಗೆ ಹುಟ್ಟಿದೆ, ಅದನ್ನ ಬರೆಯೋಣ ಅಂತಲೇ ಕೂತಿದ್ದೀನಿ.

ಮೊದಲು ಈ ಗುಂಪು ಯಾವುದು ಅಂತ ನೋಡೋಣ. ಕೊರೊನಾವೈರಸ್‌ಗಳಲ್ಲಿ ಬೀಟಾ ಅಂತ ಒಂದು ದೊಡ್ಡ ಮನೆತನ ಇದೆ, ಅದರೊಳಗೆ ಸಾರ್ಸ್ ಮತ್ತು ಕೋವಿಡ್ ವೈರಸ್‌ಗಳ ಕವಲು ಒಂದು, ಅದಕ್ಕೆ ಸಾರ್ಬೆಕೊವೈರಸ್ ಅಂತಾರೆ. ಮರ್ಸ್ ಸೇರಿರೋ ಕವಲು ಇನ್ನೊಂದು, ಅದು ಮರ್ಬೆಕೊವೈರಸ್. ಹೆಸರು ನೋಡಿದ್ರೇನೇ ಗೊತ್ತಾಗತ್ತೆ, ಮರ್ಸ್ ಅನ್ನೋ ಶಬ್ದಾನ ಕತ್ತರಿಸಿ ಮಾಡಿರೋ ಹೆಸರು. ಈ ಕವಲಿನ ಹೆಚ್ಚಿನ ವೈರಸ್‌ಗಳು ಸಿಕ್ಕಿರೋದು ಕೀಟ ತಿನ್ನೋ ಸಣ್ಣ ಬಾವಲಿಗಳಲ್ಲಿ, ಕೆಲವು ಮುಳ್ಳುಹಂದಿ ತರ ಮೈ ಇರೋ ಪುಟಾಣಿ ಹೆಡ್ಜ್‌ಹಾಗ್‌ಗಳಲ್ಲಿ, ಚಿಪ್ಪುಹಂದಿಗಳಲ್ಲೂ ಸಿಕ್ಕಿವೆ. ಹಾಂಗ್‌ಕಾಂಗ್‌ನ ಸಂಶೋಧಕರು 2006ರ ಹೊತ್ತಿಗೇ ಬಿದಿರು ಬಾವಲಿಯಲ್ಲಿ ಎಚ್‌ಕೆಯು-4, ಜಪಾನೀಸ್ ಪಿಪಿಸ್ಟ್ರೆಲ್ ಅನ್ನೋ ಬಾವಲಿಯಲ್ಲಿ ಎಚ್‌ಕೆಯು-5 ಎರಡನ್ನೂ ಗುರುತಿಸಿದ್ರು. ಅಂದ್ರೆ ಮರ್ಸ್ ಅನ್ನೋ ಕಾಯಿಲೆ ಜಗತ್ತಿಗೆ ಗೊತ್ತಾಗೋಕೆ ಆರು ವರ್ಷ ಮುಂಚೆನೇ ಅದರ ದಾಯಾದಿಗಳು ಲ್ಯಾಬಿನ ಲಿಸ್ಟಲ್ಲಿ ಇದ್ವು, ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ, ಯಾಕೆ ಕೆಡಿಸ್ಕೋಬೇಕು ಅಂತ ಅವಾಗ ಯಾರಿಗೂ ಕಾರಣವೂ ಇರ್ಲಿಲ್ಲ.

ಮರ್ಸ್ ಬಂದಿದ್ದು 2012ರಲ್ಲಿ. ಸೌದಿಯ ಜೆಡ್ಡಾದಲ್ಲಿ ಒಬ್ಬ ಪೇಷೆಂಟ್ ನ್ಯುಮೋನಿಯಾ, ಕಿಡ್ನಿ ಫೇಲ್ಯೂರ್ ಆಗಿ ತೀರಿಕೊಂಡ್ರು, ಅಲ್ಲಿ ಕೆಲಸ ಮಾಡ್ತಿದ್ದ ಈಜಿಪ್ಟ್‌ನ ವೈರಾಲಜಿಸ್ಟ್ ಅಲಿ ಮೊಹಮದ್ ಜಾಕಿ ಸ್ಯಾಂಪಲ್‌ನಲ್ಲಿ ಗೊತ್ತಿಲ್ಲದ ಕೊರೊನಾವೈರಸ್ ಇದೆ ಅಂತ ಕಂಡುಕೊಂಡ್ರು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಅದರ ಜೀನೋಮ್, ಅಂದ್ರೆ ಪೂರ್ತಿ ಜೀನ್‌ಗಳ ಬರಹ, ಓದಿದ್ರು. ಅಲ್ಲಿಂದ ಇಲ್ಲಿವರೆಗೆ 27 ದೇಶಗಳಲ್ಲಿ 2600ಕ್ಕೂ ಹೆಚ್ಚು ಕೇಸು, 900ಕ್ಕೂ ಹೆಚ್ಚು ಸಾವು. ಪತ್ತೆಯಾದವರಲ್ಲಿ ಸುಮಾರು 35 ಪರ್ಸೆಂಟ್ ಜನ ಸತ್ತಿದ್ದಾರೆ, ‘3ರಲ್ಲಿ 1’ ಬಂದಿದ್ದು ಇಲ್ಲಿಂದ. ಇದರಲ್ಲೂ ಒಂದು ಮಾತು ಗಮನಿಸಬೇಕು, ಟೆಸ್ಟ್ ಆಗ್ತಿದ್ದುದು ಹೆಚ್ಚಾಗಿ ಆಸ್ಪತ್ರೆ ಸೇರಿದವರಿಗೆ, ಅದರಲ್ಲೂ ಶುಗರ್, ಕಿಡ್ನಿ ತೊಂದರೆ ಇದ್ದ ವಯಸ್ಸಾದವರಿಗೆ, ಸುಮ್ನೆ ನೆಗಡಿ ತರ ಬಂದು ಹೋದವರು ಲೆಕ್ಕಕ್ಕೇ ಸಿಗಲ್ಲ. ಹಾಗಂತ ಮರ್ಸ್ ಸಾಧಾರಣ ಕಾಯಿಲೆ ಅಂತ ಅಲ್ಲ. 2015ರಲ್ಲಿ ಮಧ್ಯಪ್ರಾಚ್ಯದಿಂದ ವಾಪಸ್ ಬಂದ ಒಬ್ಬ ವ್ಯಕ್ತಿಯಿಂದ ದಕ್ಷಿಣ ಕೊರಿಯಾದಲ್ಲಿ ಶುರುವಾಗಿ 186 ಜನಕ್ಕೆ ತಗುಲಿತು, 38 ಜನ ಸತ್ರು, 16 ಸಾವಿರಕ್ಕೂ ಹೆಚ್ಚು ಜನರನ್ನ ಕ್ವಾರಂಟೈನ್ ಮಾಡಬೇಕಾಯ್ತು. ಅದರಲ್ಲಿ ಒಬ್ಬ ಪೇಷೆಂಟ್ ಎಮರ್ಜೆನ್ಸಿ ವಾರ್ಡ್‌ನಲ್ಲಿ ಇದ್ದಷ್ಟು ಹೊತ್ತಲ್ಲೇ 80ಕ್ಕೂ ಹೆಚ್ಚು ಜನಕ್ಕೆ ಹಂಚಿದ್ರು.

ಇಷ್ಟು ಭೀಕರ ಆಗಿದ್ರೂ ಮರ್ಸ್ ಯಾಕೆ ಪ್ರಪಂಚ ಸುತ್ತಲಿಲ್ಲ? ಇಲ್ಲೇ ಇರೋದು ವಿಷಯದ ತಿರುಳು. ವೈರಸ್ ಜೀವಕೋಶದೊಳಗೆ ಹೋಗೋಕೆ ಅದರ ಮೈಮೇಲಿರೋ ಸ್ಪೈಕ್ ಪ್ರೋಟೀನ್, ಜೀವಕೋಶದ ಮೇಲಿರೋ ಯಾವುದಾದ್ರೂ ಒಂದು ಪ್ರೋಟೀನ್‌ನ ಹಿಡ್ಕೋಬೇಕು, ಅದನ್ನ ರಿಸೆಪ್ಟರ್ ಅಂತಾರೆ. ಮರ್ಸ್ ಹಿಡ್ಕೊಳ್ಳೋದು ಡಿಪಿಪಿ-4 ಅನ್ನೋದನ್ನ, 2013ರಲ್ಲಿ ಇದು ಗೊತ್ತಾಯ್ತು. ಒಂಟೆಗಳಲ್ಲಿ ಈ ಡಿಪಿಪಿ-4 ಮೂಗಿನೊಳಗೇ ಇದೆ, ಅದಕ್ಕೇ ಒಂಟೆಗೆ ಬರೀ ಸಿಂಬಳ ಸುರಿಯೋ ನೆಗಡಿ, ಸೀನಿದ್ರೆ ಪಕ್ಕದ ಒಂಟೆಗೂ ಹೋಗತ್ತೆ. ಮನುಷ್ಯನಲ್ಲಿ ಅದು ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿದೆ. ವೈರಸ್ ಅಷ್ಟು ಕೆಳಗೆ ಇಳಿದ್ರೆ ಕಾಯಿಲೆ ಘೋರ ಆಗತ್ತೆ ನಿಜ, ಆದ್ರೆ ಅಲ್ಲಿಂದ ಮೇಲೆ ಬಂದು ಮಾತಾಡುವಾಗ ಕೆಮ್ಮುವಾಗ ಇನ್ನೊಬ್ಬರಿಗೆ ಸುಲಭಕ್ಕೆ ಹರಡಲ್ಲ. ಆಸ್ಪತ್ರೆಯಲ್ಲಿ ಹರಡತ್ತೆ, ಬೀದೀಲಿ ಅಷ್ಟಾಗಿ ಹರಡಲ್ಲ. ನಮ್ಮನ್ನ ಇಷ್ಟು ದಿನ ಕಾಪಾಡಿರೋದು ಈ ಒಂದು ಸಣ್ಣ ಅಂಗರಚನೆಯ ವ್ಯತ್ಯಾಸ, ಯಾವ ಸರ್ಕಾರದ ಸಿದ್ಧತೆಯೂ ಅಲ್ಲ.

ಕೋವಿಡ್ ವೈರಸ್ ಹಿಡ್ಕೊಳ್ಳೋದು ಬೇರೆ ರಿಸೆಪ್ಟರ್, ಏಸ್-2. ಅದು ಮೂಗಲ್ಲೂ ಇದೆ, ಗಂಟಲಲ್ಲೂ ಇದೆ, ಶ್ವಾಸಕೋಶದಲ್ಲೂ ಇದೆ, ಕರುಳಲ್ಲೂ ಇದೆ. ಹಾಗಾಗಿ ಮರ್ಸ್ ಬಳಗದ ವೈರಸ್‌ಗಳೆಲ್ಲಾ ಡಿಪಿಪಿ-4ನೇ ಹಿಡಿಯೋದು ಅಂತ ಅಂದ್ಕೊಂಡಿದ್ದ ವಿಜ್ಞಾನಿಗಳಿಗೆ, ಅದರಲ್ಲಿ ಕೆಲವು ಏಸ್-2 ಹಿಡಿಯತ್ತೆ ಅಂತ ಗೊತ್ತಾದಾಗ ದಿಗಿಲಾಗಿದ್ದು ಸಹಜ. ನಿಯೋಕೋವ್ ಪೇಪರ್‌ನಲ್ಲಿ ಇದ್ದ ನಿಜವಾದ ಸುದ್ದಿ ಅದು, 2022ರ ಡಿಸೆಂಬರ್‌ನಲ್ಲಿ ‘ನೇಚರ್’ನಲ್ಲಿ ಪ್ರಿಂಟ್ ಆಯ್ತು. ಅದು ಬಾವಲಿಯ ಏಸ್-2ನ ಚೆನ್ನಾಗಿ ಹಿಡಿಯತ್ತೆ, ಮನುಷ್ಯನದನ್ನ ಸರಿಯಾಗಿ ಹಿಡಿಯಲ್ಲ, ಆದ್ರೆ ಸ್ಪೈಕ್‌ನ 510ನೇ ಜಾಗದಲ್ಲಿ ಒಂದೇ ಒಂದು ಅಮೈನೊ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಬದಲಾಯಿಸಿದ್ರೆ ಮನುಷ್ಯನ ಏಸ್-2 ಇರೋ ಜೀವಕೋಶದೊಳಗೂ ಹೋಗೋಕೆ ಶುರುಮಾಡತ್ತೆ. ‘ಒಂದೇ ಮ್ಯುಟೇಶನ್’ ಅನ್ನೋ ಮಾತು ಈ ಗುಂಪಿಗೆ ಅಂಟಿಕೊಂಡಿದ್ದು ಆಗಿಂದ.

ಎಚ್‌ಕೆಯು-5 ಯಾವ ರಿಸೆಪ್ಟರ್ ಹಿಡಿಯತ್ತೆ ಅನ್ನೋದು ಸುಮಾರು ಇಪ್ಪತ್ತು ವರ್ಷ ಗೊತ್ತೇ ಇರ್ಲಿಲ್ಲ. 2025ರಲ್ಲಿ ಬೇರೆ ಬೇರೆ ತಂಡಗಳು ಹೆಚ್ಚುಕಮ್ಮಿ ಒಟ್ಟಿಗೇ ಉತ್ತರ ಕೊಟ್ವು, ಅದೂ ಏಸ್-2ನೇ. ಹಳೇ ತಳಿ ತನ್ನ ಬಾವಲಿಯ ಏಸ್-2ಗೆ ನಿಷ್ಠೆಯಾಗಿದೆ, ಮನುಷ್ಯನದಕ್ಕೆ ಅಷ್ಟಾಗಿ ಒಗ್ಗಲ್ಲ, ಶಿ ಝೆಂಗ್ಲಿ ತಂಡಕ್ಕೆ ಸಿಕ್ಕ ಎರಡನೇ ತಳಿ ಮಾತ್ರ ಮನುಷ್ಯನ ಏಸ್-2ನ ಈಗಾಗಲೇ ಹಿಡಿಯತ್ತೆ, ಲ್ಯಾಬಲ್ಲಿ ಬೆಳೆಸಿದ ಮನುಷ್ಯನ ಶ್ವಾಸನಾಳ ಮತ್ತು ಕರುಳಿನ ಮಿನಿ ಅಂಗಾಂಶಗಳಿಗೂ ತಗುಲಿತು. ಆದ್ರೆ ಕೋವಿಡ್ ವೈರಸ್ ಹಿಡಿಯೋ ಬಿಗಿಗೆ ಹೋಲಿಸಿದ್ರೆ ಇದರ ಹಿಡಿತ ತುಂಬಾ ಸಡಿಲ, ಅಪಾಯಾನ ಉತ್ಪ್ರೇಕ್ಷೆ ಮಾಡಬೇಡಿ ಅಂತ ಆ ಪೇಪರ್ ಬರೆದವರೇ ಬರೆದಿದ್ದಾರೆ. ಆ ಸಾಲು ಹೆಡ್‌ಲೈನ್‌ಗೆ ಬರಲೇ ಇಲ್ಲ ನೋಡಿ.

ಲೆಟ್ಕೊ ತಂಡ ಮಾಡಿದ ಕೆಲಸದ ರೀತಿ ನನಗೆ ಇಷ್ಟ ಆಗಿದ್ದು. ಜೀವಂತ ವೈರಸ್‌ನ ಕೈಲಿ ಹಿಡಿಯೋ ಬದಲು, ಒಂದು ಖಾಲಿ ಕಣದ ಮೇಲೆ ಬೇಕಾದ ವೈರಸ್‌ನ ಸ್ಪೈಕ್‌ನ ರಿಸೆಪ್ಟರ್ ಹಿಡಿಯೋ ತುಂಡನ್ನ ಮಾತ್ರ ಕೂರಿಸ್ತಾರೆ, ಇದು ಜೀವಕೋಶದೊಳಗೆ ಒಂದು ಸಲ ಹೋಗಬಹುದು, ಒಳಗೆ ಹೋಗಿ ಮರಿ ಹಾಕೋಕೆ ಬರಲ್ಲ, ಹೋಯ್ತೋ ಇಲ್ವೋ ಅನ್ನೋದು ಹೊಳಪಿನಿಂದ ಗೊತ್ತಾಗತ್ತೆ. ಇದಕ್ಕೆ ಆ ವೈರಸ್ ಇರೋ ಬಾವಲಿಯನ್ನ ಹಿಡಿಯಬೇಕಾಗೂ ಇಲ್ಲ, ಜೀನೋಮ್ ಸೀಕ್ವೆನ್ಸ್ ಕಂಪ್ಯೂಟರ್‌ನಲ್ಲಿ ಇದ್ರೆ ಸಾಕು. ಅದಕ್ಕೇ ಬರೀ ಒಂದು ವೈರಸ್ ಅಲ್ಲ, ಗುಂಪಿಗೆ ಗುಂಪನ್ನೇ ಜರಡಿ ಹಿಡಿಯೋಕೆ ಆಗಿದ್ದು. ಮೇಲೆ ಆಲ್ಫಾಫೋಲ್ಡ್-3 ಅನ್ನೋ ಎಐ ಟೂಲ್ ಬಳಸಿ ಸ್ಪೈಕ್ ಮತ್ತು ಏಸ್-2 ಎಲ್ಲಿ ಹೇಗೆ ಕಚ್ಕೊಳ್ಳತ್ತೆ ಅಂತ ಮಾಡೆಲ್ ಮಾಡಿದ್ರು, ತಿಂಗಳುಗಟ್ಟಲೆ ಲ್ಯಾಬಲ್ಲಿ ಕೂರಬೇಕಾದ ಕೆಲಸಕ್ಕೆ ಒಳ್ಳೇ ಅಂದಾಜು ಬೇಗ ಸಿಗತ್ತೆ ಈಗ. ಜರಡಿಯಲ್ಲಿ ಹೆಚ್ಚಿನ ಮರ್ಬೆಕೊವೈರಸ್‌ಗಳು ಮನುಷ್ಯರ ಮಟ್ಟಿಗೆ ಅಂಥ ಅಪಾಯ ತೋರಿಸಲಿಲ್ಲ, ಎಚ್‌ಕೆಯು-5 ಕವಲೇ ಕಣ್ಣಿಗೆ ಬಿದ್ದಿದ್ದು. ಆಶ್ಚರ್ಯದ ವಿಷಯ ಇನ್ನೊಂದಿದೆ. ನಿಯೋಕೋವ್, ಎಚ್‌ಕೆಯು-5, ಆಮೇಲೆ ರಷ್ಯಾ ಮತ್ತು ನೆದರ್ಲೆಂಡ್ಸ್‌ನ ಬಾವಲಿಗಳಲ್ಲಿ ಸಿಕ್ಕ ಇದೇ ಬಳಗದ ವೈರಸ್‌ಗಳು, ಇವೆಲ್ಲಾ ಏಸ್-2ನೇ ಹಿಡಿಯತ್ತೆ, ಆದ್ರೆ ಹಿಡಿಯೋ ಜಾಗ, ಹಿಡಿಯೋ ಭಂಗಿ ಬೇರೆ ಬೇರೆ. ಅಂದ್ರೆ ಒಂದು ಅಜ್ಜಿಯಿಂದ ಬಂದ ಕಲೆ ಅಲ್ಲ ಇದು, ಬೇರೆ ಬೇರೆ ಕವಲುಗಳು ತಾವಾಗೇ ಬೇರೆ ಬೇರೆ ಸಲ ಕಲ್ತಿದ್ದಾವೆ. ಒಂದು ಸಲ ಆಗಿದ್ದು ಅಕಸ್ಮಾತ್ ಅನ್ನಬಹುದು, ಮೂರು ಸಲ ಆಗಿದ್ರೆ ಆ ದಾರಿ ಇವುಗಳಿಗೆ ಅಷ್ಟೇನೂ ಕಷ್ಟದ್ದಲ್ಲ ಅಂತ ಅರ್ಥ. ನನ್ನ ಪ್ರಕಾರ ಪೂರ್ತಿ ವಿಷಯದಲ್ಲಿ ನಿಜಕ್ಕೂ ಯೋಚನೆ ಮಾಡಬೇಕಾದ ಸಂಗತಿ ಇದು, ಆ ‘ಒಂದು ಮ್ಯುಟೇಶನ್’ ಅನ್ನೋದಕ್ಕಿಂತ.

ಈಗ ಇನ್ನೊಂದು ಕಡೆ. ರಿಸೆಪ್ಟರ್ ಹಿಡಿಯೋದು ಅಂದ್ರೆ ಹೊರಬಾಗಿಲಿನ ಚಿಲಕಕ್ಕೆ ಕೈ ತಾಗಿದ ಹಾಗೆ ಅಷ್ಟೇ. ಆಮೇಲೆ ಸ್ಪೈಕ್‌ನ ಕತ್ತರಿಸೋ ಪ್ರೋಟಿಯೇಸ್ ಅನ್ನೋ ಕಿಣ್ವ ಅಲ್ಲಿ ಸಿಗಬೇಕು, ಒಳಗೆ ಹೋಗಿ ನಕಲು ಮಾಡ್ಕೊಳ್ಳೋಕೆ ಬರಬೇಕು, ವೈರಸ್ ಬಂತು ಅಂತ ಮನುಷ್ಯನ ಮೈ ಕೂಗೋ ಇಂಟರ್‌ಫೆರಾನ್ ಅನ್ನೋ ಅಲಾರಾಂ ಹೊಡ್ಕೊಳ್ಳೋ ಮುಂಚೆ ಅದನ್ನ ಅಡಗಿಸಬೇಕು, ಸಾಕಷ್ಟು ಪ್ರಮಾಣದಲ್ಲಿ ಹೊರಗೆ ಬರಬೇಕು, ಗಾಳಿಯಲ್ಲಿ ಬದುಕಬೇಕು, ಇನ್ನೊಬ್ಬರಿಗೆ ಹೋಗಿ ಮತ್ತೆ ಇದೇ ಕೆಲಸ ಮೊದಲಿಂದ ಮಾಡಬೇಕು. ಒಂದರಲ್ಲಿ ಎಡವಿದ್ರೂ ಕತೆ ಅಲ್ಲೇ ಮುಗೀತು. ಇನ್ನು ಒಂದೇ ರಿಸೆಪ್ಟರ್ ಅಂದ ಮಾತ್ರಕ್ಕೆ ಒಂದೇ ಕಾಯಿಲೆ ಅಂತಲೂ ಇಲ್ಲ. ಎನ್ಎಲ್-63 ಅಂತ ಒಂದು ಕೊರೊನಾವೈರಸ್ ಇದೆ, 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಮಗುವಿನಲ್ಲಿ ಸಿಕ್ಕಿದ್ದು, ಅದೂ ಏಸ್-2ನೇ ಹಿಡಿಯತ್ತೆ, ಆದ್ರೆ ಅದು ಪ್ರಪಂಚದ ತುಂಬಾ ಮಕ್ಕಳಿಗೆ ಬರೋ ಸಾಮಾನ್ಯ ನೆಗಡಿ ವೈರಸ್‌ಗಳಲ್ಲಿ ಒಂದು. ಸಾರ್ಸ್ ಅದೇ ಚಿಲಕ ಹಿಡಿದು 774 ಜನರನ್ನ ಕೊಂದಿತು, ಇದು ಅದೇ ಚಿಲಕ ಹಿಡಿದು ಮೂಗು ಸೋರಿಸತ್ತೆ. ಹಾಗಾಗಿ ಮರ್ಸ್‌ನ ಸಾವಿನ ಲೆಕ್ಕ ಮತ್ತು ಕೋವಿಡ್‌ನ ಹರಡೋ ವೇಗ ಎರಡನ್ನೂ ಕೂಡಿಸಿ ಎಚ್‌ಕೆಯು-5ಗೆ ಕಟ್ಟೋದು ಲೆಕ್ಕವೇ ಅಲ್ಲ. ಈ ಪಿಪಿಸ್ಟ್ರೆಲ್ ಬಾವಲಿ ಅಂದ್ರೆ 10 ಗ್ರಾಂ ಕೂಡ ತೂಗದ ಪ್ರಾಣಿ, ಪೂರ್ವ ಏಷ್ಯಾದಲ್ಲಿ ಜನರ ಮನೆ ಮಾಡಿನ ಸಂದಿಯಲ್ಲೇ ವಾಸ ಮಾಡತ್ತೆ, ಅಷ್ಟು ಹತ್ತಿರ ಇದ್ರೂ ಇಲ್ಲಿವರೆಗೆ ಒಬ್ಬ ಮನುಷ್ಯನಿಗೂ ಎಚ್‌ಕೆಯು-5 ತಗುಲಿದ ದಾಖಲೆ ಇಲ್ಲ.

ಹಾಗಿದ್ರೆ ಯಾಕೆ ಇಷ್ಟೆಲ್ಲಾ ಮಾತು ಅಂದ್ರೆ, ಮ್ಯುಟೇಶನ್ ಅನ್ನೋದನ್ನ ನಾವು ದೂರದ ತರ ಯೋಚಿಸ್ತೀವಿ, ಇಷ್ಟು ಹೆಜ್ಜೆ ಬಾಕಿ ಇದೆ ಅಂತ. ಅದು ದೂರ ಅಲ್ಲ, ಲಾಟರಿ. ಕೊರೊನಾದಂಥ ಆರ್‌ಎನ್‌ಎ ವೈರಸ್ ನಕಲು ಮಾಡುವಾಗ ತಪ್ಪು ಆಗ್ತಾನೇ ಇರತ್ತೆ, ಒಂದು ಪ್ರಾಣಿಯ ಮೈಯಲ್ಲಿ ಕೋಟಿಗಟ್ಟಲೆ ನಕಲು ಹುಟ್ಟತ್ತೆ, ಅದರಲ್ಲಿ ಬೇಕಾದ ಬದಲಾವಣೆ ಇರೋ ನಕಲು ಕೂಡ ಎಷ್ಟೋ ಸಲ ಹುಟ್ಟಿ ಸತ್ತಿರತ್ತೆ. ಮೇಲೆ ಕೊರೊನಾವೈರಸ್‌ಗಳು ಒಂದೇ ಜೀವಕೋಶದಲ್ಲಿ ಎರಡು ಬೇರೆ ವೈರಸ್ ಸೇರಿದ್ರೆ ಜೀನೋಮ್‌ನ ತುಂಡು ತುಂಡನ್ನೇ ಅದಲುಬದಲು ಮಾಡ್ಕೊಳ್ಳತ್ತೆ, ಅದನ್ನ ರೀಕಾಂಬಿನೇಶನ್ ಅಂತಾರೆ. ನಿಯೋಕೋವ್ ಮತ್ತು ಮರ್ಸ್ ಇಡೀ ಜೀನೋಮ್‌ನಲ್ಲಿ ತುಂಬಾ ಹತ್ತಿರ, ಆದ್ರೆ ಸ್ಪೈಕ್‌ನ ಮುಂದಿನ ಭಾಗ ಮಾತ್ರ ಪೂರ್ತಿ ಬೇರೆ, ಅಂದ್ರೆ ಯಾವುದೋ ಕಾಲದಲ್ಲಿ ಸ್ಪೈಕ್ ಬದಲಾವಣೆ ನಡೆದಿದೆ. ಹೀಗಿರುವಾಗ ಕೇಳಬೇಕಾದ್ದು ಎಷ್ಟು ಮ್ಯುಟೇಶನ್ ಬಾಕಿ ಅಂತ ಅಲ್ಲ, ಈ ವೈರಸ್‌ಗೆ ಎಷ್ಟು ಸಲ ಪ್ರಯತ್ನ ಮಾಡೋ ಅವಕಾಶ ಸಿಗ್ತಿದೆ, ಎಲ್ಲಿ ಸಿಗ್ತಿದೆ, ಅದನ್ನ ಕೊಡ್ತಿರೋರು ಯಾರು ಅಂತ.

ಇದಕ್ಕೆ ಒಂಟೆಗಳ ಕತೆಗಿಂತ ಒಳ್ಳೇ ಪಾಠ ಇಲ್ಲ. ಮರ್ಸ್ ಬಂದು ಒಂದು ವರ್ಷಕ್ಕೆ ಒಮಾನ್‌ನ 50 ಒಂಟೆಗಳ ರಕ್ತ ಟೆಸ್ಟ್ ಮಾಡಿದ್ರು, 50ಕ್ಕೆ 50ರಲ್ಲೂ ಆಂಟಿಬಾಡಿ, ಅಂದ್ರೆ ಹಿಂದೆ ಸೋಂಕು ತಗುಲಿದ್ದ ಗುರುತು. ಸರಿ, ಈಗಷ್ಟೇ ಹರಡಿರಬಹುದು ಅಂದ್ಕೊಂಡು ಹಳೇ ಸ್ಯಾಂಪಲ್‌ಗಳನ್ನ ಹುಡುಕಿದ್ರು, ಯಾವುದೋ ಬೇರೆ ಕೆಲಸಕ್ಕೆ ತೆಗೆದು ಫ್ರೀಜ್ ಮಾಡಿಟ್ಟಿದ್ದ ಆಫ್ರಿಕಾದ ಒಂಟೆಗಳ ರಕ್ತ, ಅದರಲ್ಲಿ 1983ರ ಸ್ಯಾಂಪಲ್‌ಗಳಲ್ಲೇ ಆಂಟಿಬಾಡಿ ಇತ್ತು. ಬಾವಲಿಯಿಂದ ಯಾವತ್ತೋ ಒಂದು ದಿನ ಈ ವೈರಸ್‌ನ ಪೂರ್ವಜ ಒಂಟೆಗೆ ಹೋಗಿದೆ, ನೇರ ತಾಯಿ ಅನ್ನಬಹುದಾದ ಬಾವಲಿ ವೈರಸ್ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ, ಆದ್ರೆ ಒಂಟೆಗಳಲ್ಲಿ ಕಮ್ಮಿ ಅಂದ್ರೂ ಮೂವತ್ತು ವರ್ಷ ಅದು ಆರಾಮಾಗಿ ಓಡಾಡ್ಕೊಂಡಿದೆ, ಮನುಷ್ಯರ ಪಕ್ಕದಲ್ಲೇ, ಹಾಲು ಕರೆಯೋರ ಕೈಗೆ ಹತ್ತಿರ. ಅಷ್ಟು ವರ್ಷದಲ್ಲಿ ಎಷ್ಟು ಜನ ಅದರಿಂದ ನ್ಯುಮೋನಿಯಾ ಆಗಿ ಸತ್ರು ಅಂತ ಯಾರ ಹತ್ರಾನೂ ಲೆಕ್ಕ ಇಲ್ಲ, ಯಾಕಂದ್ರೆ ಯಾರೂ ಹುಡುಕಿರ್ಲಿಲ್ಲ. ಒಂಟೆಗೆ ಜೋರು ಕಾಯಿಲೆ ಬರಲಿಲ್ಲ, ಕಾಯಿಲೆ ಬಂದಿದ್ರೆ ಸಾಕಿದವನಿಗೆ ನಷ್ಟ ಆಗಿ ಯಾರಾದ್ರೂ ನೋಡ್ತಿದ್ರು.

1998-99ರಲ್ಲಿ ಮಲೇಷ್ಯಾದಲ್ಲಿ ನಿಪಾ ಬಂದಾಗಲೂ ಹೀಗೇ, ಹಣ್ಣು ತಿನ್ನೋ ಬಾವಲಿಗಳ ಮರ, ಅದರ ಕೆಳಗೆ ಹಂದಿ ಫಾರಂ, ಹಂದಿಯಿಂದ ಮನುಷ್ಯ, ನೂರಕ್ಕೂ ಹೆಚ್ಚು ಸಾವು, ಹತ್ತು ಲಕ್ಷ ಹಂದಿ ಕೊಂದ್ರು. 1994ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹೆಂಡ್ರಾ ಅನ್ನೋ ಬಾವಲಿ ವೈರಸ್ ಬಂದಾಗ ನಡುವೆ ಇದ್ದದ್ದು ಕುದುರೆ. ಸಾರ್ಸ್‌ಗೆ ಪುನುಗು ಬೆಕ್ಕು. ಪ್ರತಿ ಸಲ ಬಾವಲಿಯ ಫೋಟೋ ಹಾಕ್ತಾರೆ, ನಡುವೆ ನಿಂತಿದ್ದ ಪ್ರಾಣಿಯ ಫೋಟೋ ಹಾಕಲ್ಲ, ಆ ಪ್ರಾಣಿಯನ್ನ ಅಲ್ಲಿ ತಂದು ಗುಂಪು ಹಾಕಿ ನಿಲ್ಲಿಸಿದ್ದು ನಾವು ಅನ್ನೋದನ್ನ ಮರೀತೀವಿ.

ಎಚ್‌ಕೆಯು-5 ವಿಷಯದಲ್ಲಿ ಆ ನಡುವಿನ ಪ್ರಾಣಿ ಈಗಾಗಲೇ ಕಾಣಿಸ್ಕೊಂಡಿದೆ. 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ನಲ್ಲಿ ಬಂದ ಒಂದು ಸ್ಟಡಿ, ಚೀನಾದಲ್ಲಿ 2021ರಿಂದ 2024ರ ನಡುವೆ ಕಾಯಿಲೆಯಿಂದ ಸತ್ತಿದ್ದ 461 ಪ್ರಾಣಿಗಳ ಸ್ಯಾಂಪಲ್, ಹೆಚ್ಚಿನವು ತುಪ್ಪಳಕ್ಕಾಗಿ ಫಾರಂನಲ್ಲಿ ಸಾಕಿದವು. 125 ಜಾತಿ ವೈರಸ್ ಸಿಕ್ತು, ಅದರಲ್ಲಿ 36 ಮೊದಲು ಯಾರೂ ನೋಡದೇ ಇದ್ದವು, 39ನ್ನ ಜಾತಿ ದಾಟೋ ಅಪಾಯ ಹೆಚ್ಚಿರೋವು ಅಂತ ಗುರುತಿಸಿದ್ರು. ಅದರ ಮಧ್ಯೆ ಫಾರಂನಲ್ಲಿ ಸಾಕಿದ ಮಿಂಕ್‌ನ ಶ್ವಾಸಕೋಶ ಮತ್ತು ಕರುಳಲ್ಲಿ ಎಚ್‌ಕೆಯು-5 ತರದ ವೈರಸ್ ಇತ್ತು. ಬಾವಲಿಯ ವೈರಸ್, ಬಾವಲಿ ಬಿಟ್ಟು, ಉಸಿರಾಟದ ಅಂಗದೊಳಗೆ, ಸಾವಿರಾರು ಪ್ರಾಣಿಗಳನ್ನ ಸಾಲು ಸಾಲು ತಂತಿ ಪಂಜರದಲ್ಲಿ ಇಡೋ ಕಡೆ. ನನಗೆ ಫೆಬ್ರವರಿ 2025ರ ಪೇಪರ್‌ಗಿಂತ ಈ ಒಂದು ಸಾಲು ಹೆಚ್ಚು ನಿದ್ದೆ ಕೆಡಿಸಿದ್ದು. ಅದಕ್ಕೆ ಷೇರು ಮಾರ್ಕೆಟ್ ಅಲುಗಾಡಲಿಲ್ಲ.

ಮಿಂಕ್ ಅಂದ್ರೆ ಮುಂಗುಸಿ ತರ ಉದ್ದ ಮೈ ಇರೋ ಪ್ರಾಣಿ, ಕಾಡಲ್ಲಿ ಒಂಟಿಯಾಗಿ ಬದುಕೋದು. ಅದರ ಉಸಿರಾಟದ ಅಂಗ ಮನುಷ್ಯರ ವೈರಸ್‌ಗೂ ಒಗ್ಗತ್ತೆ, ಫ್ಲೂಗೂ ಒಗ್ಗತ್ತೆ. ಕೋವಿಡ್ ಟೈಮಲ್ಲಿ ಡೆನ್ಮಾರ್ಕ್‌ನಲ್ಲಿ ಏನಾಯ್ತು ನೋಡಿ, ಕೆಲಸದವರಿಂದ ಮಿಂಕ್‌ಗೆ ಹೋಯ್ತು, ಮಿಂಕ್‌ನಲ್ಲಿ ಮ್ಯುಟೇಶನ್ ಆಗಿ ವಾಪಸ್ ಮನುಷ್ಯರಿಗೆ ಬಂತು, 2020ರ ನವೆಂಬರ್‌ನಲ್ಲಿ ದೇಶದ ಎಲ್ಲಾ ಮಿಂಕ್‌ಗಳನ್ನ, ಸುಮಾರು 1.7 ಕೋಟಿ, ಕೊಲ್ಲೋಕೆ ಆರ್ಡರ್ ಆಯ್ತು. 2022ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಒಂದು ಮಿಂಕ್ ಫಾರಂಗೆ ಹಕ್ಕಿಜ್ವರದ ಎಚ್5ಎನ್1 ನುಗ್ಗಿತು. ಒಂದೇ ತರ ಪ್ರಾಣಿ, ಒತ್ತೊತ್ತಾಗಿ, ಸ್ಟ್ರೆಸ್‌ನಲ್ಲಿ, ಮಾಡಿನ ಸಂದಿಯಲ್ಲಿ ಬಾವಲಿ, ಅಂಗಳದಲ್ಲಿ ಹಕ್ಕಿ, ದಿನಾ ಒಳಗೆ ಹೋಗಿ ಬರೋ ಕೆಲಸದವರು, ಲಾಟರಿ ಟಿಕೆಟ್ ಕಂತೆ ಕಂತೆ ಹಂಚೋಕೆ ಇದಕ್ಕಿಂತ ಅನುಕೂಲದ ಜಾಗ ಕಟ್ಟೋಕೆ ಸಾಧ್ಯ ಇಲ್ಲ. ಅದೂ ಕೋಟಿನ ಕಾಲರ್‌ಗೋಸ್ಕರ. ಊಟಕ್ಕೆ, ಹೊಟ್ಟೆಪಾಡಿಗೆ ಪ್ರಾಣಿ ಸಾಕೋದರ ಬಗ್ಗೆ ವಾದ ಮಾಡುವಾಗ ಎರಡು ಕಡೆ ತೂಗಬೇಕಾಗತ್ತೆ, ತುಪ್ಪಳದ ಕೋಟಿನ ವಿಷಯದಲ್ಲಿ ತೂಗೋಕೆ ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತ ನನಗೆ ಕಾಣ್ತಿಲ್ಲ.

ಇಲ್ಲಿಗೆ ಬಂದಾಗ ಯಾರಾದ್ರೂ ಹೇಳೇ ಹೇಳ್ತಾರೆ, ಸಮಸ್ಯೆಯ ಬೇರು ಬಾವಲಿ ತಾನೇ, ಅದನ್ನೇ ಓಡಿಸಿಬಿಟ್ರೆ ಆಯ್ತಲ್ಲ ಅಂತ. ಅದನ್ನ ಮಾಡಿ ನೋಡಿದ್ದಾರೆ. ಉಗಾಂಡದ ಕಿಟಾಕ ಅನ್ನೋ ಗಣಿಯಲ್ಲಿ 2007ರಲ್ಲಿ ಕೆಲಸಗಾರರಿಗೆ ಮಾರ್ಬರ್ಗ್ ಬಂತು, ಎಬೋಲಾ ಬಳಗದ ವೈರಸ್, ಅಲ್ಲಿನ ಹಣ್ಣು ಬಾವಲಿಗಳಿಂದ. ಮುಂದಿನ ವರ್ಷ ಗಣಿಯೊಳಗಿನ ಬಾವಲಿಗಳನ್ನ ಪೂರ್ತಿ ನಿರ್ನಾಮ ಮಾಡಿದ್ರು. ನಾಲ್ಕು ವರ್ಷದಲ್ಲಿ ಹೊಸ ಬಾವಲಿಗಳು ಬಂದು ಸೇರ್ಕೊಂಡ್ವು, 2012ರಲ್ಲಿ ಟೆಸ್ಟ್ ಮಾಡಿದಾಗ ವೈರಸ್ ಇದ್ದ ಬಾವಲಿಗಳ ಪ್ರಮಾಣ ಮುಂಚೆಗಿಂತ ಎರಡು ಪಟ್ಟಿಗೂ ಹೆಚ್ಚು, ಅದೇ ವರ್ಷ ಹತ್ತಿರದ ಇಬಾಂಡದಲ್ಲಿ ಇನ್ನೂ ದೊಡ್ಡ ಮಾರ್ಬರ್ಗ್ ಔಟ್‌ಬ್ರೇಕ್. ಹಳೇ ಬಾವಲಿಗಳಲ್ಲಿ ಎಷ್ಟೋ ಸೋಂಕು ಬಂದು ವಾಸಿಯಾಗಿ ಇಮ್ಯೂನ್ ಆಗಿದ್ವು, ಅವು ಹೋದ್ಮೇಲೆ ಬಂದ ಎಳೇ ಬಾವಲಿಗಳಿಗೆ ಆ ರಕ್ಷಣೆ ಇರ್ಲಿಲ್ಲ ಅನ್ನೋದು ಇದಕ್ಕೆ ಕೊಡೋ ವಿವರಣೆ.

ಇನ್ನು ಬಾವಲಿ ಇಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ ವೈಟ್ ನೋಸ್ ಅನ್ನೋ ಫಂಗಸ್ ಕಾಯಿಲೆಗೆ ಕೀಟ ತಿನ್ನೋ ಬಾವಲಿಗಳು ಸತ್ತ ಕೌಂಟಿಗಳಲ್ಲಿ ರೈತರು ಕೀಟನಾಶಕ ಬಳಸೋದು 31 ಪರ್ಸೆಂಟ್ ಏರಿತು, ಅದೇ ಜಾಗಗಳಲ್ಲಿ ಶಿಶುಮರಣ ಸುಮಾರು 8 ಪರ್ಸೆಂಟ್ ಏರಿತು, 2024ರಲ್ಲಿ ‘ಸೈನ್ಸ್’ನಲ್ಲಿ ಇಯಲ್ ಫ್ರ್ಯಾಂಕ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನ ತೋರಿಸಿದ್ರು. ಪ್ರಪಂಚದಲ್ಲಿ 1400ಕ್ಕೂ ಹೆಚ್ಚು ಜಾತಿ ಬಾವಲಿ ಇವೆ, ಸಸ್ತನಿಗಳಲ್ಲಿ ಐದರಲ್ಲಿ ಒಂದು ಭಾಗ, ಇಷ್ಟು ದೊಡ್ಡ ಬಳಗದಲ್ಲಿ ವೈರಸ್ ಜಾತಿಗಳೂ ಹೆಚ್ಚಿರೋದು ಸಹಜ. ಹಾರೋಕೆ ಖರ್ಚಾಗೋ ಶಕ್ತಿಯ ಒತ್ತಡಕ್ಕೆ ಒಗ್ಗಿಕೊಂಡು ಅವುಗಳ ಮೈಯಲ್ಲಿ ಉರಿಯೂತ ತಣ್ಣಗೇ ಇರತ್ತೆ, ವೈರಸ್ ಜೊತೆ ಜಗಳ ಮಾಡದೇ ಬಾಳತ್ತೆ ಅಂತ ವಿಜ್ಞಾನಿಗಳ ಒಂದು ಊಹೆ. ಅಷ್ಟು ನೆಮ್ಮದಿಯಲ್ಲಿರೋ ಬಾವಲಿ ವೈರಸ್ ಉದುರಿಸೋದೂ, ಅಂದ್ರೆ ಮೈಯಿಂದ ಹೊರಗೆ ಹಾಕೋದೂ ಕಮ್ಮಿ. ಆಸ್ಟ್ರೇಲಿಯಾದಲ್ಲಿ ಹೆಂಡ್ರಾ ಬಗ್ಗೆ 25 ವರ್ಷದ ಡೇಟಾ ಇಟ್ಕೊಂಡು ನೋಡಿದವರಿಗೆ ಕಂಡಿದ್ದು ಇದೇ, ಕಾಡು ಕಡಿದು ಚಳಿಗಾಲದಲ್ಲಿ ಮಕರಂದ ಸಿಗದೇ ಹೋದಾಗ ಬಾವಲಿಗಳು ಕುದುರೆ ಮೇಯೋ ಹೊಲಗಳ ಪಕ್ಕ ಬಂದು ಸೇರ್ಕೊಳ್ಳತ್ತೆ, ಹಸಿವಿನಲ್ಲಿ ವೈರಸ್ ಹೆಚ್ಚು ಉದುರಿಸತ್ತೆ, ಉಳಿದ ಕಾಡಲ್ಲಿ ಚಳಿಗಾಲಕ್ಕೆ ಚೆನ್ನಾಗಿ ಹೂ ಬಿಟ್ಟ ವರ್ಷ ಅವು ಅಲ್ಲಿಗೇ ಹೋಗಿಬಿಡತ್ತೆ, ಆ ವರ್ಷ ಕುದುರೆಗಳಿಗೆ ಹೆಂಡ್ರಾ ಇಲ್ಲ.

ವ್ಯಾಕ್ಸೀನ್ ವಿಷಯ ಚುಟುಕಾಗಿ. ಮರ್ಸ್ ಬಂದು ಇಷ್ಟು ವರ್ಷ ಆದ್ರೂ ಮನುಷ್ಯರಿಗೆ ಲೈಸೆನ್ಸ್ ಆದ ಒಂದು ಮರ್ಸ್ ವ್ಯಾಕ್ಸೀನ್ ಇಲ್ಲ, ಟ್ರಯಲ್‌ಗಳು ನಡೆದಿವೆ, ಒಂಟೆಗೆ ಮೂಗಿನ ಮೂಲಕ ಕೊಡೋ ವ್ಯಾಕ್ಸೀನ್ ವೈರಸ್ ಉದುರೋದನ್ನ ಕಮ್ಮಿ ಮಾಡತ್ತೆ ಅಂತ 2016ರಲ್ಲೇ ತೋರಿಸಿದ್ರು. ವರ್ಷಕ್ಕೆ ಕೆಲವೇ ಕೇಸು ಇರೋ ಕಾಯಿಲೆಗೆ ಕಂಪನಿಗಳು ದುಡ್ಡು ಹಾಕಲ್ಲ, ಒಂಟೆಗೆ ಕಾಯಿಲೆಯೇ ಅಲ್ಲದ್ದಕ್ಕೆ ಸಾಕಿದವನೂ ಹಾಕಲ್ಲ. 2025ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೇಶಗಳು ಪ್ಯಾಂಡೆಮಿಕ್ ಒಪ್ಪಂದಕ್ಕೆ ಒಪ್ಪಿದ್ವು, ಆದ್ರೆ ವೈರಸ್ ಸ್ಯಾಂಪಲ್ ಯಾರು ಯಾರಿಗೆ ಕೊಡಬೇಕು, ಅದರಿಂದ ಬಂದ ವ್ಯಾಕ್ಸೀನ್ ಯಾರಿಗೆ ಎಷ್ಟು ಅನ್ನೋ ಅಸಲಿ ಜಗಳವನ್ನ ಮುಂದಕ್ಕೆ ಹಾಕಿದ್ರು.

ನನಗೆ ಬೇಕಾಗಿರೋದು ಇದಕ್ಕಿಂತ ಸಣ್ಣದು, ಅಗ್ಗದ್ದು. ಆ 461 ಪ್ರಾಣಿಗಳ ಸ್ಯಾಂಪಲ್ ಸಿಕ್ಕಿದ್ದು ಅವು ಸತ್ತ ಮೇಲೆ. ತುಪ್ಪಳದ ಫಾರಂಗಳಲ್ಲಿ ಬದುಕಿರೋ ಮಿಂಕ್‌ಗಳನ್ನ, ಜೊತೆಗೆ ಪಂಜರ ತೊಳೆಯೋ, ಮೇವು ಹಾಕೋ, ಚರ್ಮ ಸುಲಿಯೋ ಕೆಲಸದವರ ರಕ್ತಾನ ವರ್ಷಕ್ಕೆರಡು ಸಲ ತೆಗೆದು ಎಚ್‌ಕೆಯು-5 ಆಂಟಿಬಾಡಿ ಇದೆಯಾ ಅಂತ ನೋಡಲಿ, ಇರಲಿ ಇಲ್ಲದಿರಲಿ ರಿಸಲ್ಟ್ ಎಲ್ಲರಿಗೂ ಕಾಣೋ ಹಾಗೆ ಹಾಕಲಿ. ಒಂಟೆಗಳ ವಿಷಯದಲ್ಲಿ ರಕ್ತದ ಟ್ಯೂಬ್ ಫ್ರೀಜರ್‌ನಲ್ಲಿ ಮೂವತ್ತು ವರ್ಷ ಕೂತಿತ್ತು, ಅದನ್ನ ತೆಗೆದು ನೋಡೋಕೆ ಮೊದಲು ಜೆಡ್ಡಾದಲ್ಲಿ ಒಬ್ಬ ಮನುಷ್ಯ ಸಾಯಬೇಕಾಯ್ತು.